ಹಾಲು ಹಾಕುವ ಮನೆಯ ಹೆಣ್ಣುಮಕ್ಕಳು

(ತಾಲ್ಲೂಕಿನ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ಸಮಾವೇಶದಲ್ಲಿ ಮಾಡಿದ ಭಾಷಣದ ಪಾಠ)



ಇಂತಹ ಸಭೆಗಳಲ್ಲಿ ಫ್ಯಾಟು, ಎಸ್‌ಎನ್‌ಎಫ್, ಕೆಚ್ಚಲು ಬಾವು, ಪಶು ಆಹಾರದ ದರ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ಅವನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ವೈದ್ಯರು ವೇದಿಕೆಯ ಮೇಲಿದ್ದಾರೆ. ನನಗೆ ಕೊಟ್ಟಿರುವ ವಿಷಯ ನಿಮ್ಮ ಮನೆಯ ಹೆಣ್ಣುಮಕ್ಕಳು. ಅದರಲ್ಲೂ ಹತ್ತನೆಯ ತರಗತಿಯ ಪರೀಕ್ಷೆಗೂ ಹದಿನೆಂಟು ತುಂಬುವುದಕ್ಕೂ ನಡುವಿನ ಎರಡು ಮೂರು ವರ್ಷಗಳ ಬಗ್ಗೆ ಹೇಳಬೇಕೆಂದಿದ್ದೇನೆ. ನಮ್ಮ ಹಳ್ಳಿಗಳಲ್ಲಿ ಹುಡುಗಿಯ ಬದುಕು ದಾರಿ ತಪ್ಪುವುದಿದ್ದರೆ ಬಹುಮಟ್ಟಿಗೆ ಆ ಅವಧಿಯಲ್ಲೇ ತಪ್ಪುತ್ತದೆ.

ಮೊದಲು ಕೊಟ್ಟಿಗೆಯಿಂದಲೇ ಪ್ರಾರಂಭಿಸೋಣ. ಬೆಳಗಿನ ಜಾವ ಸಗಣಿ ಬಾಚುವವರು ಯಾರು? ಗಂಜಲ ತೊಳೆದು, ಬೂಸಾ ಕಲಸಿ, ಕರು ಬಿಡುವವರು ಯಾರು? ಸಾಯಂಕಾಲ ಶಾಲೆಯಿಂದ ಬಂದು ಚೀಲ ಇಟ್ಟ ಕೂಡಲೇ ಕುಡುಗೋಲು ಹಿಡಿದು ಬದುವಿನ ಹುಲ್ಲಿಗೆ ಹೋಗುವವರು ಯಾರು? ತಾಯಿ, ಇಲ್ಲವೇ ಮಗಳು. ಮಗ ಕ್ಯಾನು ಹಿಡಿದು ಡೇರಿಗೆ ಬರುತ್ತಾನೆ, ನಿಜ. ಸೈಕಲ್ಲೋ ಬೈಕೋ ಇದ್ದರೆ ಇನ್ನೂ ಸಂತೋಷದಿಂದ ಬರುತ್ತಾನೆ. ಪಾಸ್‌ಬುಕ್ಕಿನಲ್ಲಿ ಮಾತ್ರ ಯಜಮಾನರ ಹೆಸರು. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಬಟವಾಡೆಯ ಹಣದಲ್ಲಿ ಆ ಹುಡುಗಿಯ ದುಡಿಮೆಯೂ ಇದೆ ಎಂಬ ಲೆಕ್ಕ ಮುಂದಿನ ಮಾತಿಗೆ ಬೇಕಾಗುತ್ತದೆ, ಅಷ್ಟೆ.

ಮನೆಯ ಕೆಲಸದಲ್ಲಿ ಮಕ್ಕಳು ಕೈಜೋಡಿಸುವುದನ್ನು ಕಾನೂನು ತಡೆಯುವುದಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯಂತೆ ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮನೆತನದ ಕಸುಬಿನಲ್ಲಿ, ಅಪಾಯವಿಲ್ಲದ ಕೆಲಸಕ್ಕೆ, ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ ನೆರವಾಗಬಹುದು. ಆದರೆ ಹಸು ಕರು ಹಾಕುವ ದಿನ, ಕೃತಕ ಗರ್ಭಧಾರಣೆಗೆ ವೈದ್ಯರು ಬರುವ ದಿನ, ತಾಯಿ ಕೂಲಿಗೆ ಹೋಗುವ ದಿನ, ಇವೆಲ್ಲವೂ ಮಗಳು ಶಾಲೆ ಬಿಡುವ ದಿನಗಳಾದರೆ ವರ್ಷಕ್ಕೆ ಎಷ್ಟಾದವೆಂದು ಹಾಜರಿ ಪುಸ್ತಕ ನೋಡಿ ತಿಳಿದುಕೊಳ್ಳಿ.

ಇನ್ನೊಂದು ಸಣ್ಣ ಮಾತು. 2013ರ ಆಗಸ್ಟ್ 1ರಂದು ರಾಜ್ಯದಲ್ಲಿ ಕ್ಷೀರಭಾಗ್ಯ ಯೋಜನೆ ಪ್ರಾರಂಭವಾಯಿತು. ನೀವು ಹಾಕಿದ ಹಾಲು ಪುಡಿಯಾಗಿ, ಶಾಲೆಯಲ್ಲಿ ಮತ್ತೆ ಹಾಲಾಗಿ, ಮಗುವಿಗೆ 150 ಮಿಲಿಲೀಟರ್ ಲೆಕ್ಕದಲ್ಲಿ ಸಿಕ್ಕಿತು. ಊರಿನ ಮಕ್ಕಳೆಲ್ಲ ಕುಡಿಯುವ ಈ ಹಾಲು, ಹಾಲು ಕರೆಯುವ ಮನೆಯಲ್ಲಿ ಹುಡುಗಿಯ ಲೋಟಕ್ಕೆ ಬರುವುದು ಕಷ್ಟ. ಕರೆದದ್ದೆಲ್ಲ ಕ್ಯಾನಿಗೆ ಹೋಗಿ ಉಳಿದದ್ದು ಟೀಗೆ ಸಾಕಾದರೆ ಹೆಚ್ಚು. ಗಂಡುಮಗನಿಗೆ ಒಂದು ಲೋಟ ಎತ್ತಿಡುವ ಅಜ್ಜಿಯರನ್ನು ಬಲ್ಲೆ. ಮೊಮ್ಮಗಳಿಗೂ ಎತ್ತಿಡಿ, ತಾಯಿ. ಅರ್ಧ ಲೀಟರು ಕಡಿಮೆ ಬಂತೆಂದು ಸಂಘ ಮುಳುಗುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೇಳುವ ರೀತಿ ಕೆಲವರಿಗೆ ಒರಟೆನಿಸಬಹುದು. ಹೆಣ್ಣುಮಗುವನ್ನು ದನಕ್ಕೆ ಹೋಲಿಸಿದರೆಂದು ತಿಳಿಯಬೇಡಿ. ಒಂದು ವಿಷಯದಲ್ಲಿ ನಿಮಗಿರುವ ತಿಳಿವಳಿಕೆಯನ್ನು ಇನ್ನೊಂದಕ್ಕೂ ಬಳಸಿ ಎನ್ನುತ್ತಿದ್ದೇನೆ.

ಮಿಶ್ರತಳಿಯ ಕಡಸು ಚೆನ್ನಾಗಿ ಮೇಯಿಸಿದರೆ ವರ್ಷ ತುಂಬುವ ಹೊತ್ತಿಗೇ ಬೆದೆಗೆ ಬರಬಹುದು. ಆಗಲೇ ಇಂಜೆಕ್ಷನ್ ಕೊಡಿಸುತ್ತೀರಾ? ಇಲ್ಲ. ಹದಿನೈದರಿಂದ ಹದಿನೆಂಟು ತಿಂಗಳಾಗಲಿ, ಮೈತೂಕ ಸುಮಾರು 250 ಕಿಲೋ ಮುಟ್ಟಲಿ ಎಂದು ಕಾಯುತ್ತೀರಿ. ಎದೆಯ ಸುತ್ತ ಟೇಪು ಹಿಡಿದು ತೂಕ ಅಂದಾಜು ಮಾಡುವುದನ್ನು ನಮ್ಮ ಶಿಬಿರಗಳಲ್ಲಿ ಕಲಿತ ಸದಸ್ಯರು ಇಲ್ಲೇ ಕುಳಿತಿದ್ದಾರೆ. ಬೇಗ ಗಬ್ಬವಾದರೆ ಏನಾಗುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೊಂಟದ ಮೂಳೆ ಬಲಿತಿರುವುದಿಲ್ಲ, ಕರು ಅಡ್ಡ ಸಿಕ್ಕಿಕೊಳ್ಳುತ್ತದೆ, ರಾತ್ರಿಯೆಲ್ಲ ಎಳೆದಾಡಬೇಕು. ಹುಟ್ಟಿದ ಕರು ಬಡಕಲು, ತಾಯಿ ಮುಂದೆ ಮೈತುಂಬಿ ಬೆಳೆಯುವುದಿಲ್ಲ, ಹಾಲೂ ಕಡಿಮೆ. ಆದ್ದರಿಂದಲೇ ಮೊದಲ ಬೆದೆ ಬಿಟ್ಟುಬಿಡುತ್ತೀರಿ. ಬೆದೆಗೆ ಬಂದದ್ದೂ ಬಸಿರಿಗೆ ತಯಾರಾದದ್ದೂ ಬೇರೆ ಬೇರೆ ಎಂಬುದು ಕೊಟ್ಟಿಗೆಯಲ್ಲಿ ಎಲ್ಲರಿಗೂ ಗೊತ್ತು.

ಮನೆಯೊಳಗೆ ಬಂದ ಕೂಡಲೇ ಅದು ಮರೆಯುತ್ತದೆ. ಮಗಳು ಮೈನೆರೆದಳೆಂದರೆ ಸೋದರಮಾವ ಹಸಿರು ಸೊಪ್ಪಿನ ಗುಡಿಸಲು ಹಾಕುತ್ತಾನೆ, ಚಿಗಳಿ ತಿನ್ನಿಸುತ್ತಾರೆ, ಆರತಿ ಎತ್ತುತ್ತಾರೆ. ಇದೆಲ್ಲ ಸಂಭ್ರಮವೇ, ಇರಲಿ. ಆದರೆ ಆರತಿಯ ತಟ್ಟೆ ಇಳಿಸುವ ಮೊದಲೇ ಗಂಡಿನ ಮಾತು ಬರುತ್ತದೆ. ಹದಿಮೂರು ಹದಿನಾಲ್ಕರ ಹುಡುಗಿಗೆ ಮೂಳೆ ಇನ್ನೂ ಬಲಿಯಬೇಕು, ಎತ್ತರ ಇನ್ನೂ ಬೆಳೆಯಬೇಕು. ಮೊದಲೇ ರಕ್ತಹೀನತೆ ಇರುವ ಮೈ ಅದು. ಹದಿನಾರರಲ್ಲಿ ಬಸುರಾದರೆ ತಾಯಿ ಮಗು ಇಬ್ಬರ ಜೀವಕ್ಕೂ ಹೆಚ್ಚಿನ ಅಪಾಯ. ಮಗುವಿನ ತೂಕವೂ ಕಡಿಮೆಯಾಗುವುದುಂಟು. ಕಡಸಿನ ವಿಷಯದಲ್ಲಿ ಆರು ತಿಂಗಳು ಕಾಯುವ ಮನುಷ್ಯ ಮಗಳ ವಿಷಯದಲ್ಲಿ ಮೂರು ವರ್ಷ ಕಾಯಲಾರೆನೆಂದರೆ ಒಪ್ಪಲು ನನಗೆ ಆಗುವುದಿಲ್ಲ.

ಇದೆಲ್ಲ ಹಳೆಯ ಕಾಲದ ಮಾತು ಎನ್ನುವವರಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು ಎಂದಾಯಿತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲೂ ಲೆಕ್ಕ ಸುಮಾರು ಅಷ್ಟೇ ಇತ್ತು. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನು ನಿಷೇಧಿಸಿ ಕಾಯಿದೆ ಬಂತು. 1929ರ ಶಾರದಾ ಕಾಯಿದೆ ಹದಿನಾಲ್ಕು ಎಂದಿತು, 1949ರಲ್ಲಿ ಹದಿನೈದಾಯಿತು, 1978ರಲ್ಲಿ ಹದಿನೆಂಟು. ಕಾಯಿದೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ. ಚಪ್ಪರದವರು ಇನ್ನೂ ಹಿಂದಿದ್ದಾರೆ.

ಈಗಿನ ಕಾನೂನನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು. ಮದುವೆ ಮಾಡಿಸಿದ ಹಿರಿಯರು, ಮಂತ್ರ ಹೇಳಿದವರು, ತಡೆಯದೆ ಅಕ್ಷತೆ ಹಾಕಿದವರು, ಎಲ್ಲರೂ ಇದರೊಳಗೆ ಬರುತ್ತಾರೆ. ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಹೆಂಗಸರಿಗೆ ಜೈಲು ಇಲ್ಲ, ದಂಡ ಉಂಟು. ನಮ್ಮ ರಾಜ್ಯ 2016ರ ತಿದ್ದುಪಡಿಯಿಂದ ಇನ್ನೂ ಮುಂದೆ ಹೋಗಿದೆ. ಅದರಂತೆ ಇಂತಹ ಮದುವೆ ಮೊದಲಿನಿಂದಲೇ ಅಸಿಂಧು. ತಾಳಿ ಕಟ್ಟಿದರೂ ಕಾನೂನಿನ ಲೆಕ್ಕದಲ್ಲಿ ಮದುವೆ ಆಗಿಲ್ಲ.

ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿಯಿದೆ. 2012ರ ಪೋಕ್ಸೊ ಕಾಯಿದೆಗೆ ಹದಿನೆಂಟರೊಳಗಿನವರೆಲ್ಲ ಮಕ್ಕಳೇ. ತಾಳಿ ಕಟ್ಟಿದ ಗಂಡನಿಗೂ ವಿನಾಯಿತಿ ಇಲ್ಲವೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪು ಕೊಟ್ಟಿತು. ಹದಿನೇಳರ ಬಸುರಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಾಯಿ ಕಾರ್ಡಿಗಾಗಿ ಕರೆದೊಯ್ದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅವರ ಮೇಲೇ ಮೊಕದ್ದಮೆ. ಆಗ ಇಪ್ಪತ್ತಮೂರರ ಅಳಿಯ ಜೈಲಿಗೆ, ಬಸುರಿ ಮಗಳು ತವರಿಗೆ, ಬೀಗರು ಕೋರ್ಟಿಗೆ. ಹಾಗೆಂದು ಹೆದರಿ ಆಸ್ಪತ್ರೆ ತಪ್ಪಿಸಿ ಮನೆಯಲ್ಲೇ ಹೆರಿಗೆ ಮಾಡಿಸಲು ಹೋಗಬೇಡಿ. ಜೀವ ಮೊದಲು.

ವಯಸ್ಸನ್ನು ಕಾಗದದಲ್ಲಿ ಬೆಳೆಸುವ ಜಾಣರೂ ಇದ್ದಾರೆ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ತಿದ್ದಿಸಿದರೆ ಕೆಲಸವಾಗುವುದಿಲ್ಲ. ಅಧಿಕಾರಿಗಳು ನೋಡುವುದು ಶಾಲಾ ದಾಖಲೆ, ಜನನ ಪ್ರಮಾಣಪತ್ರ. ಆಧಾರ್ ವಯಸ್ಸಿಗೆ ಪುರಾವೆಯಲ್ಲವೆಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ. ಭಾಗ್ಯಲಕ್ಷ್ಮಿ ಬಾಂಡು ಇರುವವರಿಗೆ ಬೇರೆ ನಷ್ಟವೂ ಇದೆ. 2006ರ ಮಾರ್ಚ್ 31ರ ನಂತರ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಬಂದ ಯೋಜನೆ ಅದು. ಹದಿನೆಂಟರೊಳಗೆ ಮದುವೆ ಮಾಡಿದರೆ ಆ ಹಣ ಕೈಗೆ ಬಾರದು.

ಕಾನೂನು ಇಷ್ಟಿದ್ದರೂ ತಂದೆ ತಾಯಿಯರು ಏಕೆ ಅವಸರ ಮಾಡುತ್ತಾರೆ? ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಕೆಲವು ಕಡೆ ಅಕ್ಕನ ಚಪ್ಪರದಲ್ಲೇ ತಂಗಿಗೂ ಧಾರೆ ಎರೆದರೆ ಖರ್ಚು ಉಳಿಯಿತೆಂಬ ಲೆಕ್ಕ. ಕೆಲವು ಕಡೆ ಹುಟ್ಟಿದಾಗಲೇ ಸೋದರಮಾವನಿಗೆಂದು ಆಡಿದ ಮಾತು. ಅಜ್ಜ ಹಾಸಿಗೆ ಹಿಡಿದರೆ ಕಣ್ಣು ಮುಚ್ಚುವ ಮೊದಲು ಮದುವೆ ನೋಡಬೇಕೆಂಬ ಒತ್ತಾಯ. ಇವೆಲ್ಲಕ್ಕಿಂತ ದೊಡ್ಡದು ಭಯ. ಹುಡುಗಿ ಬಸ್ಸು ಹತ್ತಿ ಕಾಲೇಜಿಗೆ ಹೋದರೆ ಯಾರ ಜೊತೆಯಲ್ಲೋ ಮಾತಾಡುತ್ತಾಳೆ, ಊರಲ್ಲಿ ಹೆಸರು ಕೆಡುತ್ತದೆ, ಓಡಿಹೋದರೆ ಏನು ಗತಿ ಎಂಬ ಭಯ. ಈ ಭಯ ಸುಳ್ಳೆಂದು ವೇದಿಕೆಯ ಮೇಲೆ ನಿಂತು ಹೇಳಿಬಿಡುವುದು ಸುಲಭ, ನಾನು ಹೇಳುವುದಿಲ್ಲ. ಆದರೆ ಹೆಸರು ಕೆಡಿಸುವವರು ಯಾರೆಂದು ಯೋಚಿಸಿ. ಡೇರಿಯ ಮುಂದಿನ ಕಟ್ಟೆಯಲ್ಲಿ ಕುಳಿತು ಹಾಲು ಹಾಕಲು ಬರುವ ಹುಡುಗಿಯರನ್ನು ಚುಡಾಯಿಸುವ ಹುಡುಗರು ನಮ್ಮ ಸದಸ್ಯರ ಮಕ್ಕಳೇ. ಆಡಳಿತ ಮಂಡಳಿಯವರು ಒಂದು ಸಲ ಗದರಿಸಿದರೆ ಕಟ್ಟೆ ಖಾಲಿಯಾಗುತ್ತದೆ. ಹುಡುಗಿಯನ್ನು ಮನೆಯಲ್ಲಿ ಕೂರಿಸುವುದಕ್ಕಿಂತ ಆ ಹುಡುಗರನ್ನು ಎಬ್ಬಿಸುವುದು ಸುಲಭದ ಕೆಲಸ.

ಇನ್ನು ಎಸ್‌ಎಸ್‌ಎಲ್‌ಸಿ. ಫಲಿತಾಂಶ ಬರುವುದು ಬೇಸಿಗೆಯಲ್ಲಿ, ಲಗ್ನದ ಕಾಲವೂ ಅದೇ. ಮಗ ಗಣಿತದಲ್ಲಿ ಫೇಲಾದರೆ ಟ್ಯೂಷನ್ನು, ಮಗಳು ಫೇಲಾದರೆ ಗಂಡು ಹುಡುಕುವುದು. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಮೊದಲನೆಯದರಲ್ಲಿ ಹೋದ ವಿಷಯವನ್ನು ಮುಂದಿನ ಪರೀಕ್ಷೆಯಲ್ಲಿ ಪಾಸು ಮಾಡಿಕೊಂಡು ಅದೇ ವರ್ಷ ಕಾಲೇಜು ಸೇರಬಹುದು. ಶುಲ್ಕ ಕಟ್ಟುವ ಕೊನೆಯ ದಿನವನ್ನು ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳಿ. ದೂರದ ಕಾಲೇಜೆಂದರೆ ಬಸ್ಸಿನ ಖರ್ಚಿನ ಮಾತೂ ಬರುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಬಸ್ಸೇ ಬಾರದ ಊರಾದರೆ ಡಿಪೋಗೆ ಅರ್ಜಿ ಕೊಡಬೇಕು. ಸಂಘದ ಲೆಟರ್‌ಹೆಡ್ಡಿನಲ್ಲಿ ಇನ್ನೂರು ಸದಸ್ಯರ ಸಹಿ ಹಾಕಿ ಕೊಟ್ಟ ಅರ್ಜಿಗೆ ಒಬ್ಬರ ಅರ್ಜಿಗಿಂತ ತೂಕ ಹೆಚ್ಚು.

ಸಂಘಗಳ ಪದಾಧಿಕಾರಿಗಳಿಗೆ ಒಂದು ಸಲಹೆ. ವಾರ್ಷಿಕ ಮಹಾಸಭೆಯಲ್ಲಿ ಹೆಚ್ಚು ಅಂಕ ಪಡೆದ ಸದಸ್ಯರ ಮಕ್ಕಳಿಗೆ ಶಾಲು ಹೊದಿಸಿ ಪ್ರತಿಭಾ ಪುರಸ್ಕಾರ ಕೊಡುತ್ತೀರಿ. ಒಳ್ಳೆಯದೇ. ಆದರೆ ನೂರಕ್ಕೆ ತೊಂಬತ್ತೈದು ತೆಗೆದವರು ನಿಮ್ಮ ಶಾಲಿಲ್ಲದೆಯೂ ಓದುತ್ತಾರೆ. ಮೂವತ್ತೈದರಲ್ಲಿ ಪಾಸಾದ ಹುಡುಗಿ ಓದುತ್ತಾಳೋ ಬಿಡುತ್ತಾಳೋ ಎಂಬುದು ಆ ಒಂದು ತಿಂಗಳಲ್ಲಿ ತೀರ್ಮಾನವಾಗುತ್ತದೆ. ಪುರಸ್ಕಾರದ ಹಣದಲ್ಲಿ ಒಂದು ಪಾಲನ್ನು ಪಿಯುಸಿಗೋ ಐಟಿಐಗೋ ಸೇರಿದ ರಸೀದಿ ತಂದ ಹೆಣ್ಣುಮಕ್ಕಳಿಗೆ ಮೀಸಲಿಡಿ. ಅಂಕ ಕೇಳಬೇಡಿ.

ಊರಿನಲ್ಲಿ ಬಾಲ್ಯವಿವಾಹದ ಸುದ್ದಿ ಮೊದಲು ತಿಳಿಯುವುದೇ ಡೇರಿಯಲ್ಲಿ. ಮದುವೆ ಮನೆಗೆ ಹಾಲು ಮೊಸರು ಎಷ್ಟು ಬೇಕೆಂದು ಬಂದು ಹೇಳುವುದು ನಮ್ಮ ಕಾರ್ಯದರ್ಶಿಗೆ ತಾನೇ. ಆಗ 1098ಕ್ಕೆ ಫೋನು ಮಾಡಬಹುದು, ಹಣ ಕೊಡಬೇಕಾಗಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಪಂಚಾಯಿತಿಯ ಪಿಡಿಒಗೆ ತಿಳಿಸಬಹುದು. ಮದುವೆಯ ಹಿಂದಿನ ದಿನ ಪೊಲೀಸರು ಬಂದರೆ ಎರಡೂ ಮನೆಗಳಿಗೆ ಅವಮಾನ. ನಿಶ್ಚಿತಾರ್ಥಕ್ಕೂ ಮೊದಲೇ ಹಿರಿಯ ಸದಸ್ಯರಿಬ್ಬರು ಹೋಗಿ ಕೂತು ಮಾತಾಡಿದರೆ ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ.

ಆಸ್ತಿಯ ಮಾತನ್ನು ಉದ್ದ ಮಾಡುವುದಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಹಿಂದೂ ಕುಟುಂಬಗಳಿಗೆ ನಮ್ಮ ರಾಜ್ಯ 1994ರಲ್ಲೇ ಕಾಯಿದೆ ಮಾಡಿತು, 2005ರಲ್ಲಿ ಇಡೀ ದೇಶಕ್ಕೆ ಬಂತು.

ಪಾಲಿನ ಮಾತು ಎತ್ತಿದರೆ ಮುಖ ಗಂಟಿಕ್ಕುವವರೂ ಬಳುವಳಿ ಎಂದರೆ ಒಪ್ಪುತ್ತಾರೆ. ಮಗಳ ಮದುವೆಯಲ್ಲಿ ಹಸು ಬಳುವಳಿ ಕೊಡುವುದು ನಮ್ಮ ಹಿರಿಯರ ಪದ್ಧತಿ. ಅದನ್ನು ಮದುವೆಯ ತನಕ ಏಕೆ ಕಾಯಿಸಬೇಕು? ಮಗಳು ಎಂಟನೆಯ ತರಗತಿಗೆ ಸೇರುವ ಜೂನ್ ತಿಂಗಳ ಆಸುಪಾಸಿನಲ್ಲಿ ಹುಟ್ಟಿದ ಒಂದು ಹೆಣ್ಣು ಕರುವನ್ನು ಅವಳ ಹೆಸರಿಗೆ ಬಿಡಿ. ಹದಿನೆಂಟು ತಿಂಗಳಿಗೆ ಇಂಜೆಕ್ಷನ್, ಮೇಲೆ ಒಂಬತ್ತು ತಿಂಗಳು. ಅವಳು ಒಂಬತ್ತನೆಯ ತರಗತಿ ಮುಗಿಸಿ ಹತ್ತನೆಯ ತರಗತಿಗೆ ಸೇರಿದ ಮೇಲೆ, ಗಣೇಶನ ಹಬ್ಬದ ಹೊತ್ತಿಗೆ ಆ ಹಸು ಕರು ಹಾಕುತ್ತದೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆ ತೆರೆಯಲು ರಿಸರ್ವ್ ಬ್ಯಾಂಕು 2014ರಲ್ಲೇ ಬ್ಯಾಂಕುಗಳಿಗೆ ಅನುಮತಿ ಕೊಟ್ಟಿದೆ. ಆ ಹಸುವಿನ ಹಾಲನ್ನು ಮನೆಯಲ್ಲೇ ಬೇರೆ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ, ಬಟವಾಡೆ ಬಂದಾಗ ಅಷ್ಟು ಹಣವನ್ನು ಅವಳ ಖಾತೆಗೆ ಹಾಕಿ. ಹಿಂಡಿ ಬೂಸಾದ ಖರ್ಚು ಹಿಡಿದುಕೊಳ್ಳಿ, ಅಡ್ಡಿಯಿಲ್ಲ. ಆ ಲೆಕ್ಕವನ್ನೂ ಅವಳೇ ಬರೆಯಲಿ.