ಬೆಸುಗೆಯ ಪರೀಕ್ಷೆ, ದುಡಿಯುವವರ ರಕ್ಷಣೆ



ಅಬುಧಾಬಿಯ ರುವೈಸ್, ಮುಸಫ್ಫಾ, ದುಬೈನ ಜೆಬೆಲ್ ಅಲಿ ಮುಂತಾದೆಡೆ ತೈಲ, ಅನಿಲಗಳನ್ನು ಸಾಗಿಸುವ ಕೊಳವೆಗಳು ಬೆಸುಗೆಯ ಬಲದಿಂದ ನಿಂತಿವೆ. ಬೆಸುಗೆಯ ಒಳಗಿನ ಬಿರುಕು ಬರಿಗಣ್ಣಿಗೆ ಕಾಣದು. ಆದ್ದರಿಂದ ಇರಿಡಿಯಂ-192 ಎಂಬ ವಿಕಿರಣಶೀಲ ವಸ್ತುವಿನ ಗ್ಯಾಮಾ ಕಿರಣಗಳನ್ನು ಹಾಯಿಸಿ ಫಿಲ್ಮಿನ ಮೇಲೆ ಚಿತ್ರ ಪಡೆಯುತ್ತಾರೆ. ಆಸ್ಪತ್ರೆಯ ಎಕ್ಸ್-ರೇ ಯಂತ್ರವನ್ನು ಗುಂಡಿ ಒತ್ತಿ ನಿಲ್ಲಿಸಬಹುದು, ಇರಿಡಿಯಂ ನಿಲ್ಲುವುದಿಲ್ಲ. ಅದರ ಶಕ್ತಿ ಅರ್ಧಕ್ಕಿಳಿಯಲು ಸುಮಾರು 74 ದಿನಗಳು ಬೇಕು.

1999ರ ಫೆಬ್ರವರಿಯಲ್ಲಿ ಪೆರು ದೇಶದ ಯಾನಾಂಗೊ ಜಲವಿದ್ಯುತ್ ಸ್ಥಾವರದಲ್ಲಿ ಇಂತಹ ಒಂದು ಆಕರವು ಪೆಟ್ಟಿಗೆಯಿಂದ ಬೇರ್ಪಟ್ಟು ಬಿದ್ದಿತ್ತು. ಬೆಸುಗೆಗಾರನೊಬ್ಬನು ಅದನ್ನು ಯಾವುದೋ ಲೋಹದ ತುಂಡೆಂದು ಭಾವಿಸಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡು ಹಲವು ಗಂಟೆಗಳ ಕಾಲ ದುಡಿದನು. ತೊಡೆ ನೋಯತೊಡಗಿದಾಗ ವೈದ್ಯರು ಕೀಟ ಕಡಿತವೆಂದು ತಿಳಿದರು. ಕೊನೆಗೆ ಆತನ ಕಾಲನ್ನೇ ತೆಗೆಯಬೇಕಾಯಿತು. ಆತನು ವಿಕಿರಣದ ಕೆಲಸಗಾರನಾಗಿರಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ರಕ್ಷಣೆಯ ಸೂತ್ರಗಳು ಮೂರು: ಕಡಿಮೆ ಸಮಯ, ಹೆಚ್ಚು ದೂರ, ನಡುವೆ ಸೀಸದಂತಹ ತಡೆ. ಒಂದು ಮೀಟರಿನಿಂದ ಹತ್ತು ಮೀಟರಿಗೆ ಸರಿದರೆ ವಿಕಿರಣವು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಪ್ರತಿ ಚಿತ್ರದ ನಂತರವೂ ಆಕರವು ಪೆಟ್ಟಿಗೆಗೆ ಮರಳಿತೇ ಎಂಬುದನ್ನು ಸರ್ವೇ ಮೀಟರಿನಿಂದಲೇ ನೋಡಬೇಕು; ಊಹೆ ಸಲ್ಲದು. ಎದೆಗೆ ತೊಡುವ ಬ್ಯಾಡ್ಜು ಕವಚವಲ್ಲ, ಬಿದ್ದ ವಿಕಿರಣದ ಲೆಕ್ಕದ ಪುಸ್ತಕ ಮಾತ್ರ. ಕೆಲಸ ಹೋದೀತೆಂದು ಅದನ್ನು ಕೋಣೆಯಲ್ಲಿ ಬಿಟ್ಟು ಬಂದರೆ ಲೆಕ್ಕ ತಪ್ಪೀತೇ ಹೊರತು ದೇಹಕ್ಕಾಗುವ ಹಾನಿ ತಪ್ಪದು.

ಅಂತರರಾಷ್ಟ್ರೀಯ ಶಿಫಾರಸಿನಂತೆ ವಿಕಿರಣ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಇತರರಿಗೆ ಕೇವಲ 1 ಮಿಲಿಸೀವರ್ಟ್ ಮಿತಿ. ಹಗ್ಗ ಕಟ್ಟಿ, ಫಲಕ ತೂಗಿಸಿ, ದೀಪ ಮಿನುಗಿಸಿ ಗುರುತಿಸಿದ ಆವರಣದೊಳಗೆ ಬೆಸುಗೆಗಾರ, ಸಹಾಯಕ, ಚಾಲಕ ಯಾರೂ ಕಾಲಿಡಬಾರದೆಂಬುದು ಇದಕ್ಕಾಗಿಯೇ. ಈ ದೇಶದಲ್ಲಿ 2009ರಲ್ಲಿ ಸ್ಥಾಪಿತವಾದ ಪರಮಾಣು ನಿಯಂತ್ರಣ ಪ್ರಾಧಿಕಾರವು ಇಂತಹ ಆಕರಗಳ ಪರವಾನಗಿಯನ್ನು ನೋಡಿಕೊಳ್ಳುತ್ತದೆ.

ವೈದ್ಯರಾದ ನಮ್ಮ ಮಾತು ಇನ್ನೊಂದಿದೆ. ವಿಕಿರಣದ ಸುಡುಗಾಯವು ಒಡನೆ ಉರಿಯದು. ಚರ್ಮ ಕೆಂಪಾಗುವುದು ಕೆಲವು ಗಂಟೆಗಳ ನಂತರ, ಗುಳ್ಳೆ ಏಳುವುದು ದಿನಗಳು, ವಾರಗಳು ಕಳೆದ ಮೇಲೆ. ಅಂತಹ ಗಾಯವಾದಾಗ ತಾವು ಎಲ್ಲಿ, ಯಾವ ಕೆಲಸದ ಬಳಿ ಇದ್ದಿರೆಂಬುದನ್ನು ಮರೆಮಾಚದೆ ವೈದ್ಯರಿಗೆ ತಿಳಿಸಿರಿ. ಅಪರಿಚಿತವಾದ ಹೊಳೆಯುವ ಲೋಹದ ತುಂಡು ಕಂಡರೆ ಮುಟ್ಟದಿರಿ. ದೂರ ಸರಿದು, ಇತರರನ್ನೂ ತಡೆದು, ಮೇಲ್ವಿಚಾರಕರಿಗೆ ಸುದ್ದಿ ಮುಟ್ಟಿಸಿರಿ. ಊರಿನಲ್ಲಿ ಸಂಬಳದ ಹಣಕ್ಕಿಂತ ತಮ್ಮನ್ನೇ ಎದುರುನೋಡುವವರಿದ್ದಾರೆ.