ಅಠಾರಾ ಕಚೇರಿಯಿಂದ ವಿಧಾನಸೌಧಕ್ಕೆ



ಒಂದು ನಾಡಿನ ಜನರ ಸ್ಥಿತಿಗತಿಗಳನ್ನು ಅರಿಯಬೇಕಾದರೆ ಅವರ ದೇವಾಲಯಗಳನ್ನು ನೋಡಿದರೆ ಸಾಲದು. ಅವರ ಕಚೇರಿಗಳನ್ನೂ ನೋಡಬೇಕು. ದೇವಾಲಯವು ಜನರ ಭಕ್ತಿಯನ್ನು ತೋರಿಸುವುದು. ಕಚೇರಿಯು ಆಳುವವರಿಗೂ ಆಳಿಸಿಕೊಳ್ಳುವವರಿಗೂ ಇರುವ ಸಂಬಂಧವನ್ನು ತೋರಿಸುವುದು. ಬೆಂಗಳೂರಿನ ಒಂದೇ ಬೀದಿಯ ಎರಡು ಬದಿಗಳಲ್ಲಿ ಎದುರುಬದುರಾಗಿ ನಿಂತ ಎರಡು ಕಟ್ಟಡಗಳ ವೃತ್ತಾಂತವನ್ನು ಇಂದು ತಮ್ಮಲ್ಲಿ ಅರಿಕೆಮಾಡಿಕೊಳ್ಳುವೆವು.

1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡು ಕಮೀಷನರರ ವಶಕ್ಕೆ ಕೊಟ್ಟರು. ಆ ಸರಕಾರಕ್ಕೆ ಮೊದಲು ಸ್ವಂತ ಮನೆಯೇ ಇರಲಿಲ್ಲ. ಟೀಪೂ ಸುಲ್ತಾನನು 1791ರಲ್ಲಿ ಪೂರೈಸಿದ, ತೇಗದ ಕಂಬಗಳ ಬೇಸಗೆಯ ಅರಮನೆಯಲ್ಲಿಯೇ ದಫ್ತರಗಳು ನಡೆಯುತ್ತಿದ್ದವು. ಗೆದ್ದವರು ಸೋತವನ ಮನೆಯಲ್ಲಿಯೇ ಕುಳಿತು ಕಂದಾಯದ ಲೆಕ್ಕ ಬರೆಯಿಸಿದರು.

ಬೌರಿಂಗರು ಕಮೀಷನರರಾಗಿದ್ದ ಕಾಲದಲ್ಲಿ, 1864ರಲ್ಲಿ, ಹೊಸ ಕಚೇರಿಯ ಕೆಲಸವು ತೊಡಗಿ 1868ರಲ್ಲಿ ಮುಗಿಯಿತು. ಕಲ್ಲು ಇಟ್ಟಿಗೆಗಳ ಈ ಎರಡಂತಸ್ತಿನ ಕೆಂಪು ಕಟ್ಟಡವು ಗ್ರೀಕ ಮತ್ತು ರೋಮಕ ಶಿಲ್ಪಪದ್ಧತಿಯನ್ನು ಅನುಸರಿಸಿದ್ದು. ಅದನ್ನು ಕಟ್ಟಿಸಿಕೊಟ್ಟವರು ರಾವ್ ಬಹಾದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಕಂದಾಯವೇ ಮೊದಲಾದ ಹದಿನೆಂಟು ಇಲಾಖೆಗಳು ಅಲ್ಲಿ ನೆಲೆಸಿದುದರಿಂದ ಜನರು ಅದನ್ನು ‘ಅಠಾರಾ ಕಚೇರಿ’ ಎಂದು ಕರೆದರು. ಶಿಲ್ಪವು ಯುರೋಪಿನದು; ಹೆಸರು ಹಿಂದುಸ್ಥಾನಿಯದು; ಕಡತಗಳ ಮೇಲಿನ ಅಪ್ಪಣೆ ಇಂಗ್ಲಿಷಿನದು; ತೆರಿಗೆ ತೆತ್ತವನು ಮಾತ್ರ ಕನ್ನಡಿಗನು! ಕಟ್ಟಡವು ಸುಂದರವಲ್ಲವೆಂದು ನಾವು ಹೇಳುವುದಿಲ್ಲ. ಸುಂದರವಾದುದನ್ನು ಸುಂದರವೆಂದು ಒಪ್ಪುವುದು ಅಭಿಮಾನಕ್ಕೆ ಕುಂದಲ್ಲ.

ಅಷ್ಟಾದರೂ ಮೈಸೂರಿನವರಿಗೆ ಕಚೇರಿಯು ಹತ್ತಿರದಲ್ಲಿದ್ದಿತು. ಉಳಿದ ಕನ್ನಡಿಗರ ಪಾಡೇನು? ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳವರು ಮುಂಬಯಿಯ ಕಡೆಗೆ ಮುಖಮಾಡಬೇಕಾಗಿದ್ದಿತು. ಬಳ್ಳಾರಿ, ಮಂಗಳೂರುಗಳವರು ಮದರಾಸಿನ ಕಡೆಗೆ. ಕಲಬುರ್ಗಿ, ರಾಯಚೂರು, ಬೀದರಗಳವರು ಉರ್ದುವಿನಲ್ಲಿ ನಡೆಯುವ ಹೈದರಾಬಾದಿನ ದಫ್ತರದ ಮುಂದೆ ಕೈಕಟ್ಟಿ ನಿಲ್ಲಬೇಕಾಗಿದ್ದಿತು. ಕೊಡಗಿನವರದು ಬೇರೆಯೇ ಒಂದು ಕಚೇರಿ. ಒಂದೇ ತಾಯಿಯ ಮಕ್ಕಳು ತಮ್ಮ ಅರ್ಜಿಗಳನ್ನು ಹಿಡಿದು ಐದು ಬಾಗಿಲುಗಳಿಗೆ ಅಲೆದರು. ಏಕೀಕರಣವೆಂಬುದು ಬರಿಯ ಭಾವಾವೇಶದ ಮಾತಾಗಿರಲಿಲ್ಲ. ತನ್ನ ಅಹವಾಲನ್ನು ತನ್ನ ನುಡಿಯಲ್ಲಿ ಹೇಳಿಕೊಳ್ಳುವ ಹಕ್ಕಿನ ಮಾತಾಗಿದ್ದಿತು.

ಇನ್ನು ಎದುರುಬದಿಯ ಕಟ್ಟಡ. 1951ರ ಜುಲೈ 13ರಂದು ಪಂಡಿತ ಜವಾಹರಲಾಲ ನೆಹರೂ ಅವರು ಅದಕ್ಕೆ ಅಡಿಗಲ್ಲನ್ನಿಟ್ಟರು. ಆಗಿನ ಯೋಜನೆಯು ಸರಳವಾದುದಾಗಿದ್ದಿತು. 1952ರಲ್ಲಿ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರು ಅದನ್ನು ಬದಲಿಸಿ, ನಮ್ಮ ನಾಡಿನ ಶಿಲ್ಪವೇ ಅಲ್ಲಿ ಮೆರೆಯಬೇಕೆಂದು ಹಟತೊಟ್ಟರು. ಎಂಜಿನಿಯರ್ ಬಿ. ಆರ್. ಮಾಣಿಕ್ಯಂ ಅವರು ಆ ಹಟಕ್ಕೆ ರೂಪವನ್ನಿತ್ತರು. 700 ಅಡಿ ಉದ್ದ, 350 ಅಡಿ ಅಗಲದ ಸೌಧ. ಮೂಡಣ ಮುಖದಲ್ಲಿ 40 ಅಡಿ ಎತ್ತರದ ಹನ್ನೆರಡು ಕಲ್ಲುಕಂಬಗಳು. 60 ಅಡಿ ವ್ಯಾಸದ ನಡುಗುಮ್ಮಟ. ಅದರ ಮೇಲೆ ಅಶೋಕನ ಸಿಂಹಗಳು. ಮಲ್ಲಸಂದ್ರ, ಹೆಸರುಘಟ್ಟಗಳ ಕಲ್ಲು ಬಂದಿತು. ಸುಮಾರು 5,000 ಕೂಲಿಗಾರರೂ, 1,500 ಮಂದಿ ಕಲ್ಲುಕುಟಿಗರು, ಗಾರೆಯವರು, ಬಡಗಿಗಳೂ ದುಡಿದರು. ಸೆರೆಮನೆಯ ಕೈದಿಗಳೂ ಕಲ್ಲು ಹೊತ್ತರು. ಮಂತ್ರಿಮಂಡಲದ ಸಭಾಗೃಹಕ್ಕೆ ಶ್ರೀಗಂಧದ ಬಾಗಿಲನ್ನು ಕೆತ್ತಿದರು. ಒಂದೂಮುಕ್ಕಾಲು ಕೋಟಿ ರೂಪಾಯಿಗಳಿಗೆ ಮಿಕ್ಕಿದ ವೆಚ್ಚವನ್ನು ಕಂಡು ಕಟುವಾಗಿ ಟೀಕಿಸಿದವರೂ ಉಂಟು. ಬಡನಾಡಿನಲ್ಲಿ ಅಂತಹ ಪ್ರಶ್ನೆಯು ಏಳುವುದು ನ್ಯಾಯವೇ.

ಆದರೆ ಕಾಲದ ಕೈವಾಡವನ್ನು ನೋಡಿರಿ. ಒಂಬತ್ತು ಜಿಲ್ಲೆಗಳ ಮೈಸೂರಿಗಾಗಿ ಅಡಿಗಲ್ಲು ಬಿದ್ದ ಮನೆಯು 1956ರಲ್ಲಿ ಪೂರ್ಣವಾಯಿತು. ಅದೇ ವರುಷ ನವೆಂಬರ 1ರಂದು 19 ಜಿಲ್ಲೆಗಳ ನಾಡು ಒಂದಾಯಿತು. ಮನೆಯು ದೊಡ್ಡದಾಯಿತೆಂದು ಗೊಣಗಿದವರ ಮುಂದೆಯೇ ಮನೆಮಂದಿಯೂ ದೊಡ್ಡವರಾದರು! ಏಕೀಕರಣಕ್ಕೆ ತಮ್ಮ ಸೀಮೆಯಲ್ಲಿಯೇ ವಿರೋಧವಿದ್ದರೂ ಹನುಮಂತಯ್ಯನವರು ಅದರ ಪಕ್ಷವನ್ನು ಬಿಡಲಿಲ್ಲವೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯುವೆವು.

ಬಾಂಧವರೇ, ಇಷ್ಟಕ್ಕೇ ನಾವು ತೃಪ್ತರಾಗಬಹುದೇ? ಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕನ್ನಡದಲ್ಲಿ ಬರೆದಿದೆ. 1963ರ ಶಾಸನವು ಕನ್ನಡವನ್ನು ಆಡಳಿತದ ಭಾಷೆಯೆಂದು ಸಾರಿತು. ಆದರೂ ಇಂದು ಎಷ್ಟೋ ಕಡತಗಳೊಳಗೆ ಇಂಗ್ಲಿಷು ಸುಖವಾಗಿ ಮಲಗಿದೆ. ಅಠಾರಾ ಕಚೇರಿಯು ಈಗ ನಮ್ಮ ಉಚ್ಚನ್ಯಾಯಾಲಯ. 1980ರ ದಶಕದಲ್ಲಿ ಅದನ್ನು ಕೆಡಹುವ ಯೋಚನೆ ಬಂದಾಗ ನಾಗರಿಕರು ನ್ಯಾಯಾಲಯಕ್ಕೇ ಮೊರೆಹೋದರು. ಕಟ್ಟಡವು ಉಳಿಯಿತು, ಒಳ್ಳೆಯದಾಯಿತು. ಆದರೆ ಸಂವಿಧಾನದ 348ನೆಯ ವಿಧಿಯಂತೆ ಅಲ್ಲಿಯ ಕಲಾಪದ ಭಾಷೆ ಇಂಗ್ಲಿಷು. ತನ್ನ ಹೊಲದ ವ್ಯಾಜ್ಯದಲ್ಲಿ ತಾನು ಗೆದ್ದೆನೋ ಸೋತೆನೋ ಎಂಬುದನ್ನು ರೈತನು ವಕೀಲರ ಬಾಯಿಂದಲೇ ಕೇಳಿ ತಿಳಿಯಬೇಕು. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧವು ಎದ್ದಿತು. ಅದಾದರೋ ಅಧಿವೇಶನದ ಕೆಲವು ದಿನಗಳು ಕಳೆದ ಬಳಿಕ ಬಹುಮಟ್ಟಿಗೆ ಬರಿದಾಗಿರುವುದೆಂದು ಆ ಸೀಮೆಯವರು ನೊಂದು ನುಡಿಯುವರು.

ಕಲ್ಲನ್ನು ಕಲ್ಲುಕುಟಿಗನು ಕೂಡಿಸಿದನು; ನುಡಿಯನ್ನು ಕೂಡಿಸಬೇಕಾದವರು ನಾವು. ಉಪಾಧ್ಯಾಯರೇ, ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ದಾಗ ಸೌಧದ ಕಂಬಗಳನ್ನು ಎಣಿಸುವುದನ್ನಷ್ಟೇ ಕಲಿಸಬೇಡಿರಿ; ಕಚೇರಿಗೆ ಕೊಡುವ ಅರ್ಜಿಯನ್ನು ಅಚ್ಚಗನ್ನಡದಲ್ಲಿ ಬರೆಯುವುದನ್ನೂ, ಉತ್ತರವನ್ನು ಕನ್ನಡದಲ್ಲಿಯೇ ಕೇಳುವುದನ್ನೂ ಕಲಿಸಿರಿ. ಕಚೇರಿಯ ಹೊರಮೈ ನಮ್ಮದಾಗಿದೆ. ಅದರ ಒಳದನಿಯೂ ನಮ್ಮದಾದ ದಿನ ಏಕೀಕರಣವು ಪೂರ್ಣವಾಯಿತೆಂದು ಎದೆತಟ್ಟಿ ಹೇಳೋಣ.