ಅಂಕಿಯ ಹಿಂದೆ ನಿಂತ ಜನ: ಅಮೆರಿಕದ ಸಮೀಕ್ಷೆಗಳ ಕಥೆ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಹತ್ತಿರವಾದರೆ ಸಮೀಕ್ಷೆಗಳ ಸುಗ್ಗಿ. ಇವರಿಗೆ ಶೇಕಡಾ ಇಷ್ಟು, ಅವರಿಗೆ ಅಷ್ಟು ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬರುತ್ತದೆ. ಆ ಅಂಕಿಗಳನ್ನು ಎಷ್ಟು ನಂಬಬೇಕು? ಇದಕ್ಕೆ ಉತ್ತರ ಸಮೀಕ್ಷೆಗಳು ನಡೆದುಬಂದ ದಾರಿಯಲ್ಲೇ ಇದೆ.

ಆಂಡ್ರ್ಯೂ ಜಾಕ್ಸನ್ ಮತ್ತು ಜಾನ್ ಕ್ವಿನ್ಸಿ ಆಡಮ್ಸ್ ಸ್ಪರ್ಧಿಸಿದ 1824ರ ಚುನಾವಣೆಯ ಹೊತ್ತಿಗೇ ಅಲ್ಲಿನ ಪತ್ರಿಕೆಗಳು ಜನರ ಒಲವನ್ನು ಎಣಿಸತೊಡಗಿದ್ದವು. ಸಿಕ್ಕವರನ್ನು ಕೇಳುವುದು, ಲೆಕ್ಕ ಹಾಕುವುದು, ಅಷ್ಟೇ. ಮುಂದೆ 'ಲಿಟರರಿ ಡೈಜೆಸ್ಟ್' ಎಂಬ ವಾರಪತ್ರಿಕೆ ಇದನ್ನೇ ದೊಡ್ಡ ಪ್ರಮಾಣದಲ್ಲಿ ನಡೆಸಿತು. 1916ರಿಂದ 1932ರವರೆಗೆ ಗೆಲ್ಲುವವರು ಯಾರೆಂದು ಸರಿಯಾಗಿಯೇ ಹೇಳಿತು.

1936ರಲ್ಲಿ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ರಿಪಬ್ಲಿಕನ್ ಪಕ್ಷದ ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಆದರೆ ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಹೆಚ್ಚಾಗಿ ತೆಗೆದದ್ದು ಟೆಲಿಫೋನ್ ಡೈರೆಕ್ಟರಿ ಮತ್ತು ಕಾರುಗಳ ನೋಂದಣಿ ಪಟ್ಟಿಯಿಂದ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಫೋನು, ಕಾರು ಎರಡೂ ಇಲ್ಲದ ಬಡವರು ಲೆಕ್ಕಕ್ಕೇ ಬರಲಿಲ್ಲ. ಕಾಗದ ತಲುಪಿದವರಲ್ಲೂ ಸುಮಾರು ಮುಕ್ಕಾಲು ಪಾಲು ಜನ ಉತ್ತರಿಸಲಿಲ್ಲ. ಅದೇ ವರ್ಷ ಜಾರ್ಜ್ ಗ್ಯಾಲಪ್ ಎಂಬಾತ ಎಷ್ಟೋ ಕಡಿಮೆ ಜನರನ್ನು, ಆದರೆ ಎಲ್ಲ ವರ್ಗದವರೂ ಸೇರುವಂತೆ ಆಯ್ದು ಕೇಳಿ, ರೂಸ್‌ವೆಲ್ಟ್ ಗೆಲುವನ್ನು ಮೊದಲೇ ಹೇಳಿದರು. ಎಷ್ಟು ಜನರನ್ನು ಕೇಳಿದಿರಿ ಎಂಬುದಕ್ಕಿಂತ ಯಾರನ್ನು ಕೇಳಿದಿರಿ ಎಂಬುದೇ ದೊಡ್ಡದೆಂದು ಅಂದು ಸಾಬೀತಾಯಿತು.

ಗ್ಯಾಲಪ್ ಅವರೂ 1948ರಲ್ಲಿ ಎಡವಿದರು. ಥಾಮಸ್ ಡ್ಯೂಯಿ ಗೆಲ್ಲುತ್ತಾರೆಂದು ಹೇಳಿ, ಚುನಾವಣೆಗೆ ವಾರಗಳಿರುವಾಗಲೇ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದರು. ಗೆದ್ದವರು ಹ್ಯಾರಿ ಟ್ರೂಮನ್. ತಮ್ಮ ಸೋಲನ್ನು ಸಾರಿದ 'ಷಿಕಾಗೊ ಡೈಲಿ ಟ್ರಿಬ್ಯೂನ್' ಪತ್ರಿಕೆಯನ್ನು ಎತ್ತಿ ಹಿಡಿದು ಅವರು ನಗುತ್ತಿರುವ ಚಿತ್ರ ಇಂದಿಗೂ ಪ್ರಸಿದ್ಧ. ಕೊನೆಯ ದಿನಗಳಲ್ಲೂ ಜನ ಮನಸ್ಸು ಬದಲಿಸುತ್ತಾರೆ ಎಂಬ ಪಾಠವನ್ನು ಸಮೀಕ್ಷಕರು ಅಂದು ಕಲಿತರು.

ಸಾಮಾಜಿಕ ವಿಷಯಗಳ ಸಮೀಕ್ಷೆಯಲ್ಲಿ ಇನ್ನೊಂದು ತೊಡಕಿದೆ: ಪ್ರಶ್ನೆಯ ರಚನೆ. 1992ರಲ್ಲಿ ರೋಪರ್ ಎಂಬ ಸಮೀಕ್ಷಾ ಸಂಸ್ಥೆ ಅಮೆರಿಕನ್ನರನ್ನು ಹೀಗೆ ಕೇಳಿತು: ನಾಜಿಗಳು ಯಹೂದಿಗಳ ನರಮೇಧ ನಡೆಸಲೇ ಇಲ್ಲ ಎಂಬುದು ನಿಮಗೆ ಸಾಧ್ಯವೆನಿಸುತ್ತದೆಯೋ, ಅಸಾಧ್ಯವೆನಿಸುತ್ತದೆಯೋ? ಶೇಕಡಾ 22ರಷ್ಟು ಜನ ಸಾಧ್ಯ ಎಂದರು. ದೇಶವೇ ಬೆಚ್ಚಿಬಿತ್ತು. ಆದರೆ 'ಅಸಾಧ್ಯ' ಮತ್ತು 'ನಡೆಸಲೇ ಇಲ್ಲ' ಎಂಬ ಎರಡು ನಿಷೇಧಗಳ ನಡುವೆ ಸಿಕ್ಕಿ ಎಷ್ಟೋ ಜನ ತಮಗೆ ಬೇಕಾದುದಕ್ಕೆ ತದ್ವಿರುದ್ಧ ಉತ್ತರ ಕೊಟ್ಟಿದ್ದರು. 1994ರಲ್ಲಿ ಪ್ರಶ್ನೆಯನ್ನು ಸರಳಗೊಳಿಸಿ ಕೇಳಿದಾಗ ಹಾಗೆಂದವರು ಶೇಕಡಾ 1ರಷ್ಟು ಮಾತ್ರ.

ಹಾಗೆಂದು ಸಮೀಕ್ಷೆಗಳೆಲ್ಲ ಸುಳ್ಳು ಎನ್ನುವುದು ಅನ್ಯಾಯ. ಒಂದೇ ವಿಷಯವನ್ನು ದಶಕಗಟ್ಟಲೆ ಕೇಳುತ್ತ ಹೋದಾಗ ಸಮಾಜದ ನಡಿಗೆ ಕಾಣುತ್ತದೆ. ಕರಿಯರು ಮತ್ತು ಬಿಳಿಯರ ನಡುವಿನ ಮದುವೆಯನ್ನು ಒಪ್ಪುತ್ತೀರಾ ಎಂದು ಗ್ಯಾಲಪ್ ಸಂಸ್ಥೆ 1958ರಲ್ಲಿ ಕೇಳಿದಾಗ ಒಪ್ಪಿದವರು ಶೇಕಡಾ 4. ಇಂಥ ಮದುವೆಗಳ ಮೇಲಿನ ನಿಷೇಧವನ್ನು 1967ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿದ ಮರುವರ್ಷವೂ ಒಪ್ಪಿದವರು ಐವರಲ್ಲಿ ಒಬ್ಬರಷ್ಟೇ. 2021ರ ಹೊತ್ತಿಗೆ ಅದು ಶೇಕಡಾ 94ಕ್ಕೆ ಏರಿತು. ಒಂದೆರಡು ಶೇಕಡಾ ಅಂಶಗಳ ಏರಿಳಿತವಲ್ಲ ಇದು, ಒಂದು ಸಮಾಜ ಬದಲಾದ ದಾಖಲೆ.

ಈಚಿನ ಕಷ್ಟವೆಂದರೆ ಉತ್ತರಿಸುವವರೇ ಸಿಗುತ್ತಿಲ್ಲ. ಪ್ಯೂ ಸಂಶೋಧನಾ ಸಂಸ್ಥೆಯ ದೂರವಾಣಿ ಸಮೀಕ್ಷೆಗಳಿಗೆ 1997ರಲ್ಲಿ ಶೇಕಡಾ 36ರಷ್ಟು ಸ್ಪಂದನೆ ಇತ್ತು. 2018ಕ್ಕೆ ಅದು 6ಕ್ಕೆ ಇಳಿಯಿತು. 2016ರ ಚುನಾವಣೆಯ ಸಮೀಕ್ಷೆಗಳಿಗೆ ಕಾಲೇಜು ಓದಿದವರೇ ಹೆಚ್ಚಾಗಿ ಉತ್ತರಿಸಿದ್ದರು. ಹಲವು ರಾಜ್ಯಮಟ್ಟದ ಸಮೀಕ್ಷೆಗಳು ಅದನ್ನು ಸರಿದೂಗಿಸಲಿಲ್ಲ. ಡೊನಾಲ್ಡ್ ಟ್ರಂಪ್ ಅವರ ಬೆಂಬಲ ಕಡಿಮೆ ಕಂಡದ್ದಕ್ಕೆ ಇದೂ ಒಂದು ಕಾರಣ.

ಸಾವಿರ ಜನರ ಸಮೀಕ್ಷೆಯಲ್ಲಿ ಪ್ರತಿ ಅಂಕಿಯೂ ಸುಮಾರು ಮೂರು ಶೇಕಡಾ ಅಂಶ ಆಚೀಚೆ ಆಗಬಹುದು. ಅದರಲ್ಲಿ ಎರಡು ಅಂಶದ ಮುನ್ನಡೆಯನ್ನು ಗೆಲುವೆನ್ನಲಾಗದು. ಆದ್ದರಿಂದ ಕೇಳುಗರೇ, ಮುಂದೆ ಯಾವುದೇ ಸಮೀಕ್ಷೆಯ ಸುದ್ದಿ ಬಂದಾಗ ಯಾರನ್ನು ಕೇಳಿದರು, ಯಾವಾಗ ಕೇಳಿದರು, ಪ್ರಶ್ನೆ ಹೇಗಿತ್ತು ಎಂದು ವಿಚಾರಿಸಿ. ಈ ಮೂರನ್ನೂ ಹೇಳದ ಸಮೀಕ್ಷೆಯನ್ನು ನಂಬಬೇಡಿ.